ಹಬೆಗೆ ಹೆದರಿದವರಿಗೆ ಉಸಿರಾಟ ಕಲಿಸಿದ್ದು

ನನ್ನ ಮುಂದಿನ ಹಲ್ಲುಗಳಲ್ಲಿ ಒಂದು ಕಟ್ಟಿಸಿದ್ದು. ಮೊಮ್ಮಕ್ಕಳು ಕೇಳಿದಾಗ ಶೀರ್ಷಾಸನ ಮಾಡುವಾಗ ಬಿದ್ದೆ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡಿದ್ದೇನೆ. ನಿಜವಾಗಿ ಅದನ್ನು ಉದುರಿಸಿದವರು ನಗರಗೆರೆ ಕಡೆಯ ರೈತ ನಾರಾಯಣಪ್ಪನವರು. ಅದೂ ನಾನೇ ನಡೆಸುತ್ತಿದ್ದ ಯೋಗದ ತರಗತಿಯಲ್ಲಿ, ಮೊಣಕೈಯ ಒಂದೇ ಏಟಿಗೆ. ತಪ್ಪು ಪೂರ್ತಿ ನನ್ನದು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. 'ಸಾರ್, ಆಘಾತ ಆದವರಿಗೆ ಯಾವ ಯಾವ ಆಸನ ಮಾಡಿಸಬೇಕು, ಒಂದು ಲಿಸ್ಟ್ ಕಳಿಸಿ' ಎನ್ನುತ್ತಾರೆ. ಅಂಥ ಲಿಸ್ಟ್ ನನ್ನ ಹತ್ತಿರ ಇಲ್ಲ. ನಾನು ಮಾಡಿದ ತಪ್ಪುಗಳಿವೆ. ಅವನ್ನೇ ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿ, ಸನ್ಮಾನ, ಹಾರ ತುರಾಯಿಗಳ ವಿಷಯ ಇದರಲ್ಲಿ ಇಲ್ಲ, ಇದ್ದದ್ದೂ ಅಷ್ಟಕ್ಕಷ್ಟೆ.

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನಾನು ಯೋಗ ಮೇಷ್ಟ್ರು. ಮಂಗಳವಾರ ಚಿಂತಾಮಣಿ, ಗುರುವಾರ ಶಿಡ್ಲಘಟ್ಟ, ಶನಿವಾರ ಗೌರಿಬಿದನೂರಿನಲ್ಲಿ ತರಗತಿ. ಮೊದಲ ಹದಿನೈದು ವರ್ಷ ಬೆನ್ನುನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರೇ ಬರುತ್ತಿದ್ದರು. ನಾನೂ ಗತ್ತಿನಿಂದ ಇದ್ದೆ. ಯೋಗ ಒಂದಿದ್ದರೆ ಸಾಕು, ಮಾತ್ರೆಯ ಡಬ್ಬಿ ಕಸಕ್ಕೆ ಹಾಕಿ ಎಂದು ಭಾಷಣ ಮಾಡಿದ್ದೂ ಉಂಟು. ಆಮೇಲೆ ಮನೋರೋಗ ವಿಭಾಗಕ್ಕೆ ಡಾಕ್ಟರ್ ವಿಶಾಲಾಕ್ಷಿ ಬಂದರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಒಂದು ದಿನ ನನ್ನ ಕೋಣೆಗೆ ಬಂದು, ಬೇರೆ ಥರದ ಕೆಲವರನ್ನು ಕಳಿಸುತ್ತೇನೆ ಎಂದರು. ಅಪಘಾತ ಆದವರು, ಬೆಂಕಿಯಿಂದ ತಪ್ಪಿಸಿಕೊಂಡವರು, ಏಟು ತಿಂದವರು. ಗಾಯ ಒಣಗಿ ವರ್ಷಗಳಾದರೂ ಇವರ ಮೈ ಮಾತ್ರ ಆ ಗಳಿಗೆಯನ್ನು ಬಿಟ್ಟು ಬಂದಿರುವುದಿಲ್ಲ. ನಿದ್ದೆ ಬರುವುದಿಲ್ಲ, ಬಾಗಿಲು ಬಡಿದರೆ ಎದ್ದು ನಿಲ್ಲುತ್ತಾರೆ.

"ಮಾತ್ರೆ, ಮಾತುಕತೆ ನಾನು ನೋಡ್ಕೋತೀನಿ ಮೇಷ್ಟ್ರೇ" ಎಂದರು ಡಾಕ್ಟರು. "ನೀವು ಅವರ ಮೈ, ಉಸಿರು ನೋಡ್ಕೊಳ್ಳಿ. ವಾಸಿ ಮಾಡ್ತೀನಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

ನನಗೆ ಆ ಕೊನೆಯ ಮಾತು ಹಿಡಿಸಲಿಲ್ಲ.

ಅವರು ಕಳಿಸಿದ ಮೊದಲಿಗರಲ್ಲಿ ನಾರಾಯಣಪ್ಪನವರು ಒಬ್ಬರು. ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗ ಹಿಂದಿನಿಂದ ಬಂದ ಕರಡಿ ಅವರ ಭುಜ ಸಿಗಿದಿತ್ತು. ಅದಾದ ಮೇಲೆ ಬಸ್ಸಿನಲ್ಲಿ ಅವರಿಗೆ ಕೊನೆಯ ಸೀಟೇ ಬೇಕು, ಊಟಕ್ಕೂ ಗೋಡೆಗೆ ಒರಗಿಯೇ ಕೂರಬೇಕು. ಇದೆಲ್ಲ ಫೈಲಿನಲ್ಲಿ ಬರೆದಿತ್ತು, ನಾನು ಓದಿಯೂ ಇದ್ದೆ. ಆದರೆ ಸಾಲುಗಳ ನಡುವೆ ಓಡಾಡುತ್ತಾ, ಬಾಗಿದ ಬೆನ್ನಿನ ಮೇಲೆ ಅಂಗೈ ಇಟ್ಟು ಸರಿಪಡಿಸುವುದು ನನ್ನ ಹದಿನೈದು ವರ್ಷದ ಅಭ್ಯಾಸ. ಅವರು ಬೋರಲು ಮಲಗಿ ಭುಜಂಗಾಸನದಲ್ಲಿ ತಲೆ ಎತ್ತಿದ್ದರು. ನಾನು ಹಿಂದಿನಿಂದ ಹೋಗಿ ಭುಜ ಒತ್ತಿದೆ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಬಾಯಿ ತುಂಬ ರಕ್ತ. ಎದುರಿಗೆ ನಾರಾಯಣಪ್ಪನವರು ನನಗಿಂತ ಹೆಚ್ಚು ನಡುಗುತ್ತಾ ಕೈಮುಗಿದು ನಿಂತಿದ್ದರು.

"ಅಯ್ಯಯ್ಯೋ ಸಾಮಿ, ನೀವಾ? ನೀವು ಅಂತ ಗೊತ್ತಾಗ್ಲಿಲ್ಲ ಸಾಮಿ, ದೇವರಾಣೆ ಗೊತ್ತಾಗ್ಲಿಲ್ಲ."

ಬಾಯಿಗೆ ಬಟ್ಟೆ ಒತ್ತಿಕೊಂಡು ಡಾಕ್ಟರ ಮುಂದೆ ಹೋಗಿ ನಿಂತೆ. ಎರಡು ಸಮಾಧಾನದ ಮಾತು ಸಿಗಬಹುದು ಎಂದುಕೊಂಡಿದ್ದೆ. "ಹಲ್ಲಿನ ಡಾಕ್ಟ್ರು ಕೆಳಗಡೆ ಇದ್ದಾರೆ, ತೋರಿಸ್ಕೊಳ್ಳಿ" ಎಂದರು. "ಇವತ್ತಿನಿಂದ ಯಾರನ್ನೂ ಮುಟ್ಟಬೇಡಿ. ಯಾರ ಹಿಂದೇನೂ ನಿಂತ್ಕೋಬೇಡಿ. ನೀವು ಎಲ್ಲಿದ್ದೀರ ಅಂತ ಅವರಿಗೆ ಕಾಣ್ತಾ ಇರ್ಬೇಕು."

ಅಲ್ಲಿಂದ ನನ್ನ ಪದ್ಧತಿ ಒಂದೊಂದಾಗಿ ಬದಲಾಯಿತು. ಮುಟ್ಟುವುದು ನಿಂತಿತು. ಕಣ್ಣು ಮುಚ್ಚಿ ಎಂದು ಆಜ್ಞೆ ಮಾಡುವುದು ನಿಂತಿತು. ಕಣ್ಣು ಮುಚ್ಚಿದರೆ ನನಗೂ ನಿಮಗೂ ಕತ್ತಲು ಕಾಣುತ್ತದೆ. ಇವರಿಗೆ ಅಲ್ಲಿ ಬೇರೇನೋ ಕಾಣುತ್ತದೆ. ಮುಚ್ಚಬೇಕು ಅನ್ನಿಸಿದರೆ ಮುಚ್ಚಿ, ಇಲ್ಲದಿದ್ದರೆ ನೆಲ ನೋಡುತ್ತಿರಿ ಎನ್ನುವುದನ್ನು ಕಲಿತೆ. ಕೊನೆಯಲ್ಲಿ ಮಲಗಿಸುವುದನ್ನು ಬಿಟ್ಟು ಕುರ್ಚಿಯಲ್ಲೇ ಕೂರಿಸಿದೆ. 'ಶವಾಸನ' ಎಂಬ ಹೆಸರನ್ನು ಬಾಯಿಗೆ ತರುವುದನ್ನೂ ಬಿಟ್ಟೆ. ಹೆಣ ನೋಡಿ ಬಂದವರಿಗೆ ಹೆಣದ ಹಾಗೆ ಮಲಗಿ ಎಂದು ಇಷ್ಟು ದಿನ ಹೇಗೆ ಹೇಳುತ್ತಿದ್ದೆ ಎಂದು ನಾಚಿಕೆಯಾಯಿತು.

ಇಷ್ಟೆಲ್ಲ ಕಲಿತೆ ಎಂದು ಎದೆ ಉಬ್ಬಿಸಿಕೊಂಡಿದ್ದಾಗಲೇ ಶಮೀಮ್ ಬಂದರು. ನಾನು ಈ ಬರಹಕ್ಕೆ ಕೂತಿದ್ದೇ ಅವರ ವಿಷಯ ಹೇಳಬೇಕೆಂದು.

ಶಿಡ್ಲಘಟ್ಟದಲ್ಲಿ ಅವರದು ರೇಷ್ಮೆ ನೂಲು ಬಿಚ್ಚುವ ಮನೆತನ. ಮನೆಯ ಹಿಂಭಾಗದಲ್ಲೇ ಸಣ್ಣ ಘಟಕ. ಗೂಡು ಬೇಯಿಸಲು ಬಾಯ್ಲರ್, ಕುದಿನೀರಿನ ತೊಟ್ಟಿಗಳು, ತಿರುಗುವ ರಾಟೆಗಳು. ಒಂದು ಬೆಳಿಗ್ಗೆ ಶಮೀಮ್ ಹಾಲು ತರಲು ಬೀದಿಗೆ ಹೋಗಿದ್ದರು. ಅವರ ಜಾಗದಲ್ಲಿ ನಾದಿನಿ ಕೂತಿದ್ದಳು. ಬಾಗಿಲಿಗೆ ವಾಪಸ್ ಬರುವ ಹೊತ್ತಿಗೆ ಬಾಯ್ಲರ್ ಒಡೆಯಿತು. ನಾದಿನಿ ಉಳಿಯಲಿಲ್ಲ. ಇದಾಗಿ ಒಂದೂವರೆ ವರ್ಷ. ಘಟಕ ಮುಚ್ಚಿ ಗಂಡ ಫಯಾಜ್ ಸಾಬರು ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ಅಡುಗೆ ಪಕ್ಕದ ಮನೆಯಲ್ಲಿ, ಇವರು ಖಾಲಾ ಎಂದು ಕರೆಯುವ ಹಿರಿಯಾಕೆಯ ಒಲೆಯಲ್ಲಿ ಆಗಿ ಇವರ ಮನೆಗೆ ಬರುತ್ತಿತ್ತು. ಶಮೀಮ್ ಆರಿದ ಅನ್ನ ತಿಂದು, ಚಳಿಗಾಲದಲ್ಲೂ ತಣ್ಣೀರು ಸ್ನಾನ ಮಾಡಿಕೊಂಡಿದ್ದರು. ಡಾಕ್ಟರ ಚಿಕಿತ್ಸೆಯಿಂದ ನಿದ್ದೆ ತಕ್ಕಮಟ್ಟಿಗೆ ಬರುತ್ತಿತ್ತು. ಹಬೆಯ ಭಯ ಮಾತ್ರ ಜಗ್ಗಿರಲಿಲ್ಲ.

ಮೊದಲ ದಿನವೇ ಅವರು ವಿಷಯಕ್ಕೆ ಬಂದರು. "ನನಗೆ ಯೋಗ ಗೀಗ ಗೊತ್ತಿಲ್ಲ ಸಾರ್. ನನ್ನ ಮಗಳು ನಾಜ್ನೀನ್ ಹೆರಿಗೆಗೆ ಬರ್ತಾಳೆ. ಮೊದಲ್ನೇ ಹೆರಿಗೆ, ತಾಯಿ ಮನೇಲೇ ಆಗ್ಬೇಕು. ಅವಳಿಗೆ, ಮಗೂಗೆ ನೀರು ಹಾಕೋಕೆ ನನ್ನ ಕೈಲಿ ಆಗ್ಬೇಕು. ಅಷ್ಟು ಮಾಡ್ಕೊಡಿ."

"ಯಾವಾಗಮ್ಮ ದಿನ?"

"ಇನ್ನು ನಾಲ್ಕು ತಿಂಗಳು."

ನಮ್ಮ ಕಡೆ ಬಾಣಂತಿ ಸ್ನಾನ ಎಂದರೆ ಏನೆಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಂಡೆ ತುಂಬ ಕುದಿಯುವ ನೀರು, ಬಾಗಿಲು ಮುಚ್ಚಿದ ಬಚ್ಚಲು, ಎದುರಿಗಿರುವವರ ಮುಖ ಕಾಣದಷ್ಟು ಹಬೆ. ಮಗುವಿಗೆ ಹದವಾದ ನೀರು, ಬಾಣಂತಿಗೆ ತಡೆಯುವಷ್ಟು ಬಿಸಿ. ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಮನೆಯಲ್ಲೂ ಅದೇ. ಎರೆಯುವವಳು ಹೆತ್ತ ತಾಯಿ. ಆ ಕೆಲಸ ತನ್ನಿಂದ ಆಗದಿದ್ದರೆ ತಾನು ತಾಯಿಯೇ ಅಲ್ಲ ಎಂದು ಶಮೀಮ್ ನಂಬಿಕೊಂಡಿದ್ದರು. ಹಾಗೇನಿಲ್ಲ ಎಂದು ಹೇಳಲು ಹೋದೆ. "ನಿಮಗೆ ಗೊತ್ತಾಗಲ್ಲ ಸಾರ್" ಎಂದು ಅಲ್ಲಿಗೇ ಮುಗಿಸಿದರು.

ಮುಂದಿನ ಗುರುವಾರ ಅವರನ್ನು ತರಗತಿಗೆ ಕೂರಿಸಿಕೊಂಡೆ. ಬುರ್ಖಾ ಹಾಕಿಕೊಂಡು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ನಾನು ಯಾವಾಗಿನಂತೆ ಓಂಕಾರದಿಂದ ಶುರು ಮಾಡಿ, ಮೈ ಸಡಿಲಿಸುವುದು ಮುಗಿಸಿ, ಕಪಾಲಭಾತಿಗೆ ಬಂದೆ. ಹೊಟ್ಟೆ ಒಳಕ್ಕೆ ಎಳೆದು ಮೂಗಿನಿಂದ ಉಸಿರನ್ನು ರಭಸವಾಗಿ ಹೊರಗೆ ತಳ್ಳುವ ಕ್ರಿಯೆ ಅದು. ನನ್ನ ಕಪಾಲಭಾತಿಗೆ ಚಿಂತಾಮಣಿಯವರೆಗೂ ಹೆಸರಿತ್ತು. ಹನ್ನೊಂದು ಜನ ನನ್ನ ಜೊತೆ ಹಿಡಿದರು, ಕಿಟಕಿ ಮುಚ್ಚಿತ್ತು, ಕೋಣೆಯೆಲ್ಲ ಆ ಸದ್ದೇ. ನಿಲ್ಲಿಸಿ ನೋಡಿದರೆ ಹಿಂದಿನ ಕುರ್ಚಿ ಖಾಲಿ. ಬಾಗಿಲಲ್ಲಿ ಅವರ ಚಪ್ಪಲಿ ಹಾಗೇ ಬಿದ್ದಿತ್ತು.

ನಾನು ಯೋಚಿಸಲು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಓಂಕಾರ ಅವರಿಗೆ ಆಗಿಬರಲಿಲ್ಲ, ಮನೆಯಲ್ಲಿ ಬೇಡ ಎಂದಿರಬೇಕು ಎಂದು ತೀರ್ಮಾನಿಸಿದೆ. ಫೈಲಿನಲ್ಲಿ 'ಕುಟುಂಬದ ಆಕ್ಷೇಪ, ಬಿಟ್ಟು ಹೋದರು' ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಡಾಕ್ಟರು ಅದನ್ನು ಓದಿ ತಲೆ ಎತ್ತಿದರು.

"ಅವರು ಹಾಗಂತ ಹೇಳಿದ್ರಾ?"

"ಹೇಳೋದೇನು ಮೇಡಂ, ಗೊತ್ತಾಗಲ್ವಾ?"

ಡಾಕ್ಟರು ನನ್ನ ಬರಹದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಫೈಲು ಮುಚ್ಚಿದರು. ಒಂದು ಸಲ ಮನೆಗೆ ಹೋಗಿ ವಿಚಾರಿಸಿ ಎಂದರು. ಹೂಂ ಎಂದೆ, ಹೋಗಲಿಲ್ಲ. ಬೇಡ ಎಂದವರ ಮನೆ ಬಾಗಿಲು ತಟ್ಟಲು ನನಗೇನು ಗ್ರಹಚಾರ ಎಂಬ ಸಿಟ್ಟು ಒಳಗಿತ್ತು. ಹೀಗೆ ಮೂರು ವಾರ ಹೋಯಿತು. ನಾಲ್ಕು ತಿಂಗಳಲ್ಲಿ ಮೂರು ವಾರ.

ನಾಲ್ಕನೆಯ ಗುರುವಾರ ಫಯಾಜ್ ಸಾಬರೇ ಬಂದರು. ಚಪ್ಪಲಿ ತೆಗೆದುಕೊಂಡು ಹೋಗಲು ಬಂದೆ ಎಂದರು. ಕೊಟ್ಟೆ. ಕೊಡುವಾಗ, "ಓಂಕಾರ ಬೇಡ ಅಂದಿದ್ರೆ ಬಿಡ್ತಾ ಇದ್ದೆ ಸಾಬ್ರೇ, ಒಂದು ಮಾತು ಹೇಳ್ಬಹುದಿತ್ತು" ಎಂದೆ, ನಾನೇ ನೊಂದವನ ಹಾಗೆ.

ಅವರು ಅರ್ಥವಾಗದೆ ನನ್ನನ್ನು ನೋಡಿದರು. "ಓಂಕಾರನಾ? ಅದಕ್ಕೇನ್ ಸಾರ್? ನೀವು ಎಲ್ಲಾರು ಮೂಗಲ್ಲಿ ಬುಸ್ ಬುಸ್ ಅಂತ ಮಾಡಿದ್ರಂತಲ್ಲ. ಬಾಯ್ಲರ್ ಒಡೆಯೋ ಮುಂಚೆ ಹಂಗೇ ಸದ್ದು ಬಂದಿತ್ತಂತೆ. ಬಾಗಿಲ ಹತ್ರ ನಿಂತ್ಕೊಂಡು ಇವಳು ಕೇಳಿದ್ಲು. ಅವತ್ತು ಬರಿಗಾಲಲ್ಲಿ ಮನೆವರೆಗೂ ಓಡಿ ಬಂದಿದ್ದಾಳೆ."

ಹಬೆಯ ಭಯ ಎಂದು ಓದಿದ್ದೆ. ಹಬೆ ಎಂದರೆ ಕಣ್ಣಿಗೆ ಕಾಣುವುದು, ಮೈಗೆ ತಾಗುವುದು ಎಂದುಕೊಂಡಿದ್ದೆ. ಹಬೆಗೆ ಸದ್ದೂ ಇರುತ್ತದೆ, ಆ ಸದ್ದನ್ನು ಹನ್ನೊಂದು ಜನರಿಂದ ಮಾಡಿಸಿ ಅವರ ಕಿವಿಗೆ ತುಂಬಿದ್ದು ನಾನೇ ಎಂಬುದು ಹೊಳೆದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ನನ್ನ ತಪ್ಪನ್ನು ಅವರ ಧರ್ಮದ ಮೇಲೆ ಹಾಕಿ ಫೈಲಿನಲ್ಲಿ ಬರೆದದ್ದು. ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಇಂದಿಗೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಅವತ್ತೇ ಸಾಬರ ಜೊತೆ ಮನೆಗೆ ಹೋದೆ. ನಾನು ಹೀಗೆ ಬರೆದಿದ್ದೆ, ತಪ್ಪಾಯಿತು ಎಂದು ಶಮೀಮ್ ಅವರ ಎದುರು ಹೇಳಿಕೊಂಡೆ. ಅವರಿಗೆ ಸಿಟ್ಟು ಬರಬಹುದೆಂದು ಕಾದೆ. ಅವರು ಸುಸ್ತಾದವರ ಹಾಗೆ ನಕ್ಕರು. "ಗೂಡಿನ ಮಾರ್ಕೆಟ್ಟಲ್ಲಿ ಬೆಳಿಗ್ಗೆ ಬೋಣಿಗೆ ಎಲ್ಲಾ ದೇವರ ಹೆಸರೂ ಕೂಗ್ತಾರೆ ಸಾರ್. ಅದನ್ನ ಕೇಳ್ಕೊಂಡೇ ಬೆಳೆದವರು ನಾವು. ನನಗೆ ಆ ಸದ್ದು ಬೇಡ, ಅಷ್ಟೇ."

ಡಾಕ್ಟರ ಮುಂದೆ ಹೋಗಿ ಆ ಸಾಲನ್ನು ಹೊಡೆದುಹಾಕಿ, ಕಾರಣ ಯೋಗ ಶಿಕ್ಷಕರ ತಪ್ಪು ಎಂದು ಬರೆದೆ. ಅವರು ಓದಿ ಸಹಿ ಹಾಕಿದರು.

ಅಲ್ಲಿಂದ ಮುಂದಿನ ಕೆಲಸ ನಿಧಾನ, ನೋಡುವವರಿಗೆ ಬೇಸರ ಬರುವಂಥದ್ದು. ಕಿಟಕಿ ಬಾಗಿಲು ತೆರೆದಿಟ್ಟೆವು. ಕಪಾಲಭಾತಿ ಆ ತರಗತಿಯಿಂದಲೇ ಹೋಯಿತು. ಎರಡು ಪಾದಗಳನ್ನು ನೆಲಕ್ಕೆ ಒತ್ತಿ ಕೂರುವುದು, ತೋಳು ಚಾಚುವುದು, ಸದ್ದಿಲ್ಲದೆ ಉಸಿರನ್ನು ಉದ್ದಕ್ಕೆ ಬಿಡುವುದು, ಅದು ಕೈಗೆ ಬಂದ ಮೇಲೆ ತುಟಿ ಮುಚ್ಚಿ ಗುಂಯ್ ಎನ್ನುವುದು. ಬುಸ್ ಎನ್ನುವ ಸದ್ದಿಗೂ ಗುಂಯ್ ಎನ್ನುವ ಸದ್ದಿಗೂ ಇರುವ ದೂರ ಎಷ್ಟು ಎಂದು ನನಗೆ ಅರ್ಥವಾದದ್ದು ಅವರ ಭುಜ ಇಳಿಯುವುದನ್ನು ನೋಡಿದಾಗ. ಒಂದು ತಿಂಗಳಾದ ಮೇಲೆ ಅವರು ತಮ್ಮ ಕೈಗಳನ್ನು ತಿರುಗಿಸಿ ತೋರಿಸಿದರು. "ಕುದಿಯೋ ನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು ಸಾರ್ ಇವು. ಮೊದಲು ಬಿಸಿ ಅನ್ನೋದೇ ಗೊತ್ತಾಗ್ತಿರ್ಲಿಲ್ಲ. ಈಗ ಟೀ ಲೋಟ ನೋಡಿದ್ರೆ ಓಡ್ತೀನಿ."

ಆ ಟೀ ಲೋಟವನ್ನೇ ಡಾಕ್ಟರು ಹಿಡಿದರು. ಶಮೀಮ್ ಒಪ್ಪಿದ ಮೇಲೆ, ಬಿಸಿ ಟೀ ಲೋಟವೊಂದನ್ನು ಕೋಣೆಯ ಆ ತುದಿಯಲ್ಲಿ ಇಡುವುದು. ಅವರು ಈ ತುದಿಯಲ್ಲಿ ಕೂತು ಉಸಿರು ನೋಡಿಕೊಳ್ಳುವುದು. ಎಷ್ಟು ದೂರ ಎಂದು ಹೇಳುವವರು ಅವರೇ. ಒಂದು ವಾರ ಎರಡು ಹೆಜ್ಜೆ ಹತ್ತಿರ, ಮುಂದಿನ ವಾರ ನಾಲ್ಕು ಹೆಜ್ಜೆ ದೂರ. ನನಗೆ ತಾಳ್ಮೆ ಹೋಗುತ್ತಿತ್ತು. ಮನಸ್ಸಿನಲ್ಲಿ ಕ್ಯಾಲೆಂಡರ್ ಓಡುತ್ತಿತ್ತು. ಒಂದು ಗುರುವಾರ, ಸ್ವಲ್ಪ ಹತ್ತಿರ ತರಲಾ ಎಂದು ಕೇಳುತ್ತಲೇ ಲೋಟ ಎತ್ತಿಬಿಟ್ಟಿದ್ದೆ.

"ಇಡಿ ಸಾರ್ ಅಲ್ಲೇ" ಎಂದರು. ಗಟ್ಟಿಯಾದ ದನಿ. ಅಂಥ ದನಿ ಅವರಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ತೆಪ್ಪಗೆ ಇಟ್ಟೆ.

ತರಗತಿ ಕೆಟ್ಟಿತು ಎಂಬ ಮುಖ ಮಾಡಿಕೊಂಡು ಡಾಕ್ಟರಿಗೆ ಇದನ್ನು ವರದಿ ಮಾಡಿದೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ, ಅವತ್ತು ನಕ್ಕರು. "ಅದೇ ಚಿಕಿತ್ಸೆ ಮೇಷ್ಟ್ರೇ. ಅವತ್ತು ಬಾಯ್ಲರ್ ಅವರ ಮಾತು ಕೇಳ್ಲಿಲ್ಲ. ಇವತ್ತು ಬೇಡ ಅಂದ್ರು, ನಿಂತಿತು."

ಇದರ ನಡುವೆ ಮೇಲಿನ ಅಧಿಕಾರಿಯೊಬ್ಬರು ಬಂದು, ಯೋಗದಿಂದ ಗುಣವಾದ ಮಹಿಳೆ ಎಂದು ಶಮೀಮ್ ಅವರ ವಿಡಿಯೋ ಮಾಡೋಣ ಎಂದರು. ಎಲ್ಲರೂ ಸಾಲಾಗಿ ಕಣ್ಣು ಮುಚ್ಚಿ ಕೂತರೆ ಚೆನ್ನಾಗಿ ಬರುತ್ತದಂತೆ. ನನ್ನ ಹೆಸರೂ ಬರುತ್ತದೆ ಎಂದಾಗ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. "ಅವರಿನ್ನೂ ಗುಣ ಆಗಿಲ್ಲ ಸಾರ್" ಎಂದೆ. "ಆದ ಹಾಗೇ ಕಾಣ್ತಾರಲ್ರೀ" ಎಂದರು. ಕಂಡರೆ ಸಾಲದು ಎಂದು ಹೇಳಿ, ಒಂದು ಲೋಟ ಕಾಫಿ ಕುಡಿಸಿ ಕಳಿಸಿದೆ. ಆ ಮಟ್ಟಿಗೆ ನನಗೆ ಬುದ್ಧಿ ಬಂದಿತ್ತು.

ಹೆರಿಗೆ ಲೆಕ್ಕಕ್ಕಿಂತ ಹದಿನೆಂಟು ದಿನ ಮೊದಲೇ ಆಯಿತು. "ಹೆಣ್ಮಗು ಸಾರ್, ಇಬ್ರೂ ಚೆನ್ನಾಗಿದ್ದಾರೆ" ಎಂದು ಫಯಾಜ್ ಸಾಬರು ಫೋನ್ ಮಾಡಿದರು. ಸಂತೋಷ ಎಂದೆ, ಫೋನ್ ಇಟ್ಟು ಕ್ಯಾಲೆಂಡರ್ ನೋಡಿದೆ. ನಾವು ತಲುಪಿದ್ದು ಒಂದು ಬಕೆಟ್ ಬೆಚ್ಚಗಿನ ನೀರಿನವರೆಗೆ ಮಾತ್ರ. ಅದೂ ತೆರೆದ ಬಾಗಿಲ ಹೊಸ್ತಿಲಲ್ಲಿ ಇಟ್ಟು. ಮುಚ್ಚಿದ ಬಚ್ಚಲು, ಕುದಿಯುವ ಹಂಡೆ ಇನ್ನೂ ಎಲ್ಲೋ ದೂರ ಇತ್ತು. ಆ ಮೂರು ವಾರವನ್ನು ನಾನು ಹಾಳು ಮಾಡದೆ ಇದ್ದಿದ್ದರೆ ಎಂದು ಮನಸ್ಸು ಕೊರೆಯಿತು.

ಶಮೀಮ್ ತರಗತಿಗೆ ಬರುವುದು ನಿಂತಿತು. ಒಂದು ಗುರುವಾರ, ಎರಡು, ಮೂರು. ಮನೆಯಲ್ಲಿ ನಾನು ಅನ್ನ ಕಲೆಸುತ್ತಾ ಅದೇ ಯೋಚನೆಯಲ್ಲಿ ಕೂತರೆ ಹೆಂಡತಿ, "ಈಗೇನು, ನೀವು ಹೋಗಿ ನೀರು ಹಾಕಿ ಬರ್ತೀರಾ? ಊಟ ಮಾಡಿ ಸುಮ್ನೆ" ಎಂದಳು. ನಾಲ್ಕನೆಯ ವಾರ ಡಾಕ್ಟರು ಮಾತ್ರೆಯ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಮುಗಿದಿರುತ್ತದೆ, ಕೊಟ್ಟು ಬನ್ನಿ ಎಂದರು. ನೋಡಿಕೊಂಡು ಬನ್ನಿ ಎಂದು ಹೇಳಲಿಲ್ಲ, ಆದರೆ ಅದೇ ಅರ್ಥ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಮನೆಯ ಮುಂದಿನ ಕೋಣೆಯಲ್ಲಿ ಕೂತೆ. ಫಯಾಜ್ ಸಾಬರು ನೀರು ಕೊಟ್ಟರು. ಒಳಗಿನಿಂದ ಹಂಡೆ ಒಲೆಯ ಹೊಗೆಯ ವಾಸನೆ. ಬಾಣಂತಿಯ ಮನೆಯಲ್ಲಿ ಗಂಡಸು ಇಣುಕಿ ನೋಡುವ ಹಾಗಿಲ್ಲ, ಆದರೆ ನಡುವಿನ ಬಾಗಿಲ ಪರದೆ ಅರ್ಧ ಸರಿದಿತ್ತು. ಹಜಾರದ ಕೊನೆಯಲ್ಲಿ ಬಚ್ಚಲಿನ ಬಾಗಿಲು ಕಾಣುತ್ತಿತ್ತು. ಅದರ ಸಂದಿಯಿಂದ ಹಬೆ ಹೊರಗೆ ಬರುತ್ತಿತ್ತು. ಯಾರು ನೀರು ಹಾಕುತ್ತಿದ್ದಾರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಚೀಟಿ ಕೊಟ್ಟು ಎದ್ದುಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಶಮೀಮ್ ಬಂದರು. ದುಪಟ್ಟಾ ಸೊಂಟಕ್ಕೆ ಬಿಗಿದಿದ್ದರು, ಮುಖದ ಮೇಲೆ ಬೆವರು.

"ಕೂತ್ಕೊಳ್ಳಿ ಸಾರ್, ಯಾಕೆ ಎದ್ರಿ? ಇನ್ನೂ ನೀರು ಹಾಕಿಲ್ಲ, ಈಗ ಹಾಕ್ಬೇಕು."

"ಯಾರಮ್ಮ ಹಾಕೋದು?"

"ಮೊದಲು ಎಂಟು ದಿನ ಪಕ್ಕದ ಮನೆ ಖಾಲಾ ಹಾಕಿದ್ರು. ನಾನು ಹಜಾರದಲ್ಲಿ ಗೋಡೆ ಹಿಡ್ಕೊಂಡು ನಿಂತಿರ್ತಿದ್ದೆ. ಒಂಬತ್ತನೇ ದಿನದಿಂದ ನಾನೇ."

"ಭಯ ಹೋಯ್ತಾ ಹಾಗಾದ್ರೆ?" ಎಂದೆ. ಕೇಳಬಾರದ ಪ್ರಶ್ನೆ, ಆದರೂ ಕೇಳಿದೆ.

"ಎಲ್ಲಿ ಹೋಗುತ್ತೆ ಸಾರ್" ಎಂದರು. ಕೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. "ಬಚ್ಚಲಿಗೆ ಹೋಗೋ ಮುಂಚೆ ದಿನಾ ಹಿಂಗೇ. ನಡುಗೋ ಕೈಲೇ ಹಾಕ್ತೀನಿ."

ಒಳಗಿನಿಂದ ನಾಜ್ನೀನ್ ದನಿ ಕೇಳಿತು. "ಅಮ್ಮಿ ಹಾಕೋದು ಅರ್ಧ ಸಾರ್, ಚೆಲ್ಲೋದು ಅರ್ಧ."

"ಸುಮ್ನಿರೇ" ಎಂದು ಮಗಳನ್ನು ಗದರಿ ಶಮೀಮ್ ನನ್ನ ಕಡೆ ತಿರುಗಿದರು. "ಎಲ್ಲರ ಮನೇಲೂ ಬಾಣಂತಿಗೆ ಮೊದಲು ಹಾಕ್ಬಿಟ್ಟು ಆಮೇಲೆ ಮಗೂಗೆ ಹಾಕ್ತಾರೆ ಸಾರ್. ಖಾಲಾನೂ ಹಂಗೇ ಹಾಕ್ತಿದ್ರು. ನಾನು ಉಲ್ಟಾ ಮಾಡ್ಕೊಂಡಿದ್ದೀನಿ. ಮಗೂಗೇ ಮೊದಲು. ಬಟ್ಟೆ ಬಿಚ್ಚಿ ಕಾಲ ಮೇಲೆ ಹಾಕ್ಕೊಂಡ್ರೆ ಸಾಕು, ಊರೇ ಎದ್ದು ಬರೋ ಹಂಗೆ ಅಳ್ತಾಳೆ. ಅವಳು ಅಳ್ತಾ ಇದ್ರೆ ಆ ಬಚ್ಚಲಲ್ಲಿ ಬೇರೆ ಯಾವ ಸದ್ದೂ ನನಗೆ ಕೇಳಲ್ಲ. ಹಬೆ ಬಂದ್ರೂ ಬರ್ಲಿ ಅನ್ಸುತ್ತೆ. ಅಲ್ಲಿಗೆ ಹೋಗ್ಬಿಟ್ಟಿರ್ತೀನಲ್ಲ, ಆಮೇಲೆ ಇವಳಿಗೂ ಹಾಕಿ ಬರ್ತೀನಿ."

ನನ್ನ ಇಷ್ಟು ವರ್ಷದ ಪಾಠದಲ್ಲಿ ಎಲ್ಲೂ ಇಲ್ಲದ ಉಪಾಯ ಅದು. ಶಹಭಾಸ್ ಎನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಾಜ್ನೀನ್ ಮಗುವಿನ ಬಟ್ಟೆ ಬಿಚ್ಚಿರಬೇಕು, ಒಳಗೆ ಅಳು ಶುರುವಾಯಿತು. ಶಮೀಮ್ ನನ್ನ ಮಾತಿಗೆ ಕಾಯಲಿಲ್ಲ. ತೋಳು ಮೇಲಕ್ಕೆ ಮಡಚಿಕೊಂಡು, "ಬಂದೆ ನನ್ನಮ್ಮ, ಬಂದೆ" ಎನ್ನುತ್ತಾ ಹಜಾರ ದಾಟಿ ಹಬೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.